ಕಡಲಿಗೆ ಸುರಿದ ಮರಳು, ಹೊಳೆಯಲ್ಲಿ ತೊಳೆದ ಹುಣಸೆಯೇ?

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ)

ಪ್ರತಿ ಮಳೆಗಾಲದಲ್ಲಿ ಹಾಡುಗಳ ನಡುವೆ ನಾನೊಂದು ಮಾಹಿತಿ ಓದುತ್ತೇನೆ. ಇಂದು ಮಧ್ಯಾಹ್ನ ಇಷ್ಟು ಗಂಟೆಗೆ ದೊಡ್ಡ ಉಬ್ಬರ, ಅಲೆಯ ಮಟ್ಟ ಇಷ್ಟು ಮೀಟರ್, ಸಮುದ್ರದ ಬಳಿ ಹೋಗಬೇಡಿ ಎಂದು. ಮುಂಬಯಿಯಲ್ಲಿ ಉಬ್ಬರ ನಾಲ್ಕೂವರೆ ಮೀಟರ್ ದಾಟುವ ದಿನಗಳ ಪಟ್ಟಿಯನ್ನು ಮಹಾನಗರ ಪಾಲಿಕೆ ಮೊದಲೇ ಕೊಟ್ಟಿರುತ್ತದೆ. ಓದಿ ಮುಗಿಸಿ ಮುಂದಿನ ಹಾಡು ಹಾಕುವುದು ನನ್ನ ಕೆಲಸ. ಆದರೆ ಈ ಸಲ ಒಂದು ಕಾಗದ ನನ್ನನ್ನು ತಡೆದು ನಿಲ್ಲಿಸಿತು.

ದಾದರ್‌ನ ಕೀರ್ತಿ ಕಾಲೇಜಿನ ಹಿಂದುಗಡೆ ಬಹಳ ವರ್ಷಗಳಿಂದ ವಾಸವಾಗಿರುವ ಹಿರಿಯ ಕೇಳುಗರೊಬ್ಬರು ಬರೆದ ಕಾಗದ ಅದು. "ಮಗಳೇ, ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಮರಳಿನ ಮೇಲೆ ಬಹಳ ದೂರ ನಡೆದು ನೀರು ಮುಟ್ಟುತ್ತಿದ್ದೆವು. ಈಗ ಉಬ್ಬರದ ಹೊತ್ತಿಗೆ ನೀರೇ ಗೋಡೆಗೆ ಬಂದು ನಮ್ಮನ್ನು ಮುಟ್ಟುತ್ತದೆ. ಹಡಗಿನಲ್ಲಿ ಮರಳು ತಂದು ತೀರಕ್ಕೆ ಸುರಿಯುತ್ತಾರೆ ಎಂದು ಯಾರೋ ಹೇಳಿದರು. ಕಡಲಿಗೆ ಮರಳು ಸುರಿಯುವುದು ಎಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಲ್ಲವೇ? ನಿನ್ನ ಕಾರ್ಯಕ್ರಮದಲ್ಲಿ ತಿಳಿಸಿ ಹೇಳು" ಎಂದು ಬರೆದಿದ್ದರು.

ನಾನು ಓದಿದ್ದು ಕನ್ನಡ ಬಿ.ಎ. ಎಂಜಿನಿಯರ್ ಅಲ್ಲ. ಆದರೂ ಈ ಪ್ರಶ್ನೆಯನ್ನು ಪಕ್ಕಕ್ಕಿಡಲು ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣ ನನ್ನ ತಾಯಿಯ ತವರು.

ನನ್ನ ತಾಯಿಯ ತವರು ಮಂಗಳೂರಿನ ದಕ್ಷಿಣಕ್ಕೆ, ಉಳ್ಳಾಲದ ಕಡಲ ಕರೆಯಲ್ಲಿ. ರಾಣಿ ಅಬ್ಬಕ್ಕನ ಉಳ್ಳಾಲ ಎಂದರೆ ನಿಮಗೆಲ್ಲ ಗೊತ್ತು. ನಾನು ಚಿಕ್ಕವಳಿದ್ದಾಗ ಮೇ ತಿಂಗಳ ರಜೆಗೆ ಅಲ್ಲಿಗೆ ಹೋಗುತ್ತಿದ್ದೆವು. ಅಜ್ಜಿಯ ಮನೆಯ ಅಂಗಳ, ಅದರಾಚೆ ಎರಡು ಸಾಲು ತೆಂಗು, ಅದರಾಚೆ ಬಲೆ ಒಣಗಿಸುವ ಮರಳು, ಆಮೇಲೆ ಕಡಲು. ಕೈರಂಪಣಿ ಎಳೆಯುವಾಗ ನಾವು ಮಕ್ಕಳೂ ಹಗ್ಗಕ್ಕೆ ಕೈ ಹಾಕುತ್ತಿದ್ದೆವು. ರಂಪಣಿ ಎಳೆಯಲು ಅಗಲವಾದ ಮರಳ ಕರೆ ಬೇಕು. ಕರೆ ಇಲ್ಲದಿದ್ದರೆ ಹತ್ತಾರು ಜನ ಕಾಲೂರಿ ನಿಲ್ಲುವುದು ಎಲ್ಲಿ?

ಮೊದಲು ಹೋದದ್ದು ಬಲೆ ಒಣಗಿಸುವ ಜಾಗ. ಆಮೇಲೆ ಒಂದು ಸಾಲು ತೆಂಗು. ಕಲ್ಲು ತಂದು ಹಾಕಿದರು. ಮರುವರ್ಷ ಕಲ್ಲು ಮರಳಿನಲ್ಲಿ ಕುಸಿಯಿತು, ಮತ್ತೆ ಕಲ್ಲು ಹಾಕಿದರು. ಕಲ್ಲು ಹಾಕಿದ ಕಡೆ ಮನೆ ಉಳಿಯಿತು, ಕಲ್ಲಿನ ಸಾಲು ಮುಗಿದ ಕಡೆಯ ಮನೆಗಳಿಗೆ ಹೊಡೆತ ಹೆಚ್ಚಾಯಿತು. ಅಜ್ಜಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ದೊಡ್ಡಮ್ಮ ಇದ್ದರು.

2021ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಕೊರೋನಾ ಎರಡನೇ ಅಲೆ, ಎರಡೂ ರಾಜ್ಯಗಳಲ್ಲಿ ನಿರ್ಬಂಧ. ಅದರ ನಡುವೆ ಅರಬ್ಬೀ ಸಮುದ್ರದಲ್ಲಿ ತೌಕ್ತೆ ಚಂಡಮಾರುತ ಎದ್ದಿತು. ಮೇ 15ರಂದು ಅದು ಕರ್ನಾಟಕದ ಕರಾವಳಿಯ ಎದುರಿನಿಂದ ಸಾಗಿತು. ಸೋಮೇಶ್ವರ, ಉಚ್ಚಿಲದ ಕಡೆ ಕಡಲು ರಸ್ತೆಯನ್ನೇ ತಿಂದಿತು. ಆ ರಾತ್ರಿ ದೊಡ್ಡಮ್ಮ ಫೋನಿನಲ್ಲಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: "ಅಂಗಳ ಹೋಯಿತು. ದೈವದ ಕಲ್ಲು ತೆಗೆದು ಒಳಗಿಟ್ಟಿದ್ದೇವೆ." ಎರಡು ದಿನ ಕಳೆದು, ಮೇ 17ರಂದು ಅದೇ ಗಾಳಿ ಮುಂಬಯಿಗೆ ಬಂತು. ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗ. ನಾನು ದಾದರ್‌ನಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತಿದ್ದೆ. ಒಂದೇ ಚಂಡಮಾರುತ ಎರಡು ದಿನದಲ್ಲಿ ನನ್ನ ಎರಡೂ ಊರುಗಳ ಬಾಗಿಲು ತಟ್ಟಿತ್ತು.

ಹಾಗಾಗಿ ಆ ತಾಯಿಯ ಪ್ರಶ್ನೆ ನನ್ನದೂ ಹೌದು. ಓದಿ, ತಿಳಿದವರನ್ನು ಕೇಳಿ, ನನಗೆ ಅರ್ಥವಾದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯ ಮಾತು, ಮರಳು ತೀರದಲ್ಲಿ ಸುಮ್ಮನೆ ಬಿದ್ದಿರುವ ವಸ್ತುವಲ್ಲ. ಅದಕ್ಕೆ ಮನೆಯ ಖರ್ಚಿನ ಪುಸ್ತಕದ ಹಾಗೆ ಜಮಾ ಇದೆ, ಖರ್ಚು ಇದೆ. ನದಿಗಳು ಮರಳು ತರುತ್ತವೆ, ಅದು ಜಮಾ. ಅಲೆಗಳು ಓರೆಯಾಗಿ ಬಂದು ತೀರದುದ್ದಕ್ಕೂ ಮರಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತವೆ. ಪಕ್ಕದ ಊರಿನ ಖರ್ಚು ನಮ್ಮ ಊರಿನ ಜಮಾ. ನಡುವೆ ಯಾರಾದರೂ ಅಡ್ಡ ಗೋಡೆ ಕಟ್ಟಿದರೆ ಗೋಡೆಯ ಒಂದು ಬದಿಯಲ್ಲಿ ಮರಳು ರಾಶಿ ಬೀಳುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಅಳಿವೆಯಲ್ಲಿ ದೋಣಿಗಳ ಅನುಕೂಲಕ್ಕಾಗಿ 1990ರ ದಶಕದಲ್ಲಿ ಎರಡು ಅಲೆತಡೆ ಗೋಡೆಗಳನ್ನು ಕಟ್ಟಿದರು. ಆಮೇಲೆ ಉಳ್ಳಾಲದ ಕೊರೆತ ಜೋರಾಯಿತು ಎಂಬುದನ್ನು ಅಲ್ಲಿಯ ಮೀನುಗಾರರೂ ಹೇಳುತ್ತಾರೆ, ಅಧ್ಯಯನ ಮಾಡಿದವರೂ ಹೇಳುತ್ತಾರೆ. ಮೇಲೆ ನದಿಯಲ್ಲಿ ಅಣೆಕಟ್ಟು, ನದಿಯೊಡಲಿನಿಂದ ಮರಳು ಎತ್ತುವ ಲಾರಿಗಳು. ಜಮಾ ಕಡಿಮೆ, ಖರ್ಚು ಹೆಚ್ಚು. ಇನ್ನೇನಾದೀತು?

ಎರಡನೆಯ ಮಾತು, ಮಳೆಗಾಲದಲ್ಲಿ ಮರಳು ಹೋಗುವುದೆಲ್ಲ ನಷ್ಟವಲ್ಲ. ದೊಡ್ಡ ಅಲೆಗಳು ತೀರದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ಒಂದು ದಿಣ್ಣೆ ಮಾಡುತ್ತವೆ. ಮುಂದಿನ ದೊಡ್ಡ ಅಲೆ ಆ ದಿಣ್ಣೆಗೆ ತಾಗಿ ಅಲ್ಲೇ ಒಡೆಯುತ್ತದೆ, ದಡಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಮಳೆಗಾಲ ಕಳೆದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಮೆಲ್ಲಗೆ ಹಿಂದಕ್ಕೆ ತಂದು ಹಾಕುತ್ತವೆ. ಅಂದರೆ ಮರಳು ತನ್ನನ್ನೇ ಕೊಟ್ಟು ಊರನ್ನು ಕಾಯುತ್ತದೆ, ಮತ್ತೆ ಬರುತ್ತದೆ.

ಕಲ್ಲಿನ ಗೋಡೆ ಹಾಗಲ್ಲ. ಅದು ಅಲೆಯನ್ನು ತಡೆಯುತ್ತದೆ, ಆದರೆ ದಣಿಸುವುದಿಲ್ಲ. ಗೋಡೆಗೆ ಬಡಿದ ಅಲೆ ಅದೇ ರಭಸದಲ್ಲಿ ತಿರುಗಿ ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆಯ ಮುಂದೆ ನೀರು ಆಳವಾಗುತ್ತದೆ, ಆಳವಾದ ನೀರಿನಲ್ಲಿ ಇನ್ನೂ ದೊಡ್ಡ ಅಲೆ ಬರುತ್ತದೆ. ಹಾಗೆಂದು ಗೋಡೆ ಬೇಡವೇ ಬೇಡ ಎನ್ನಲಾರೆ. ದೊಡ್ಡಮ್ಮನ ಮನೆ ಇಷ್ಟು ವರ್ಷ ಉಳಿದದ್ದು ಅದೇ ಕಲ್ಲಿನಿಂದ. ಮನೆಯ ಬಾಗಿಲಿಗೆ ಕಡಲು ಬಂದಾಗ ಯಾರೂ ಶಾಸ್ತ್ರ ಕೇಳುವುದಿಲ್ಲ. ಆದರೆ ಗೋಡೆ ಹಿಂದಿನ ಮನೆಯನ್ನು ಕಾಯುತ್ತದೆಯೇ ಹೊರತು ಮುಂದಿನ ತೀರವನ್ನಲ್ಲ.

ಇಲ್ಲಿಂದ ಹುಟ್ಟಿದ ಯೋಚನೆಯೇ ತೀರಕ್ಕೆ ಮರಳು ತುಂಬುವುದು. ಹೂಳೆತ್ತುವ ಹಡಗು, ಅಂದರೆ ಡ್ರೆಜ್ಜರ್, ಸಮುದ್ರದ ತಳದಿಂದ ಅಥವಾ ಬಂದರಿನ ಕಾಲುವೆಯಿಂದ ನೀರು ಸಮೇತ ಮರಳನ್ನು ಹೀರಿ ತನ್ನ ಹೊಟ್ಟೆಗೆ ತುಂಬಿಕೊಳ್ಳುತ್ತದೆ. ತೀರದ ಹತ್ತಿರ ಬಂದು ಉದ್ದನೆಯ ಪೈಪಿನ ಮೂಲಕ ಅದನ್ನು ದಡಕ್ಕೆ ಹರಿಸುತ್ತದೆ. ನೀರು ಇಳಿದು ಹೋಗುತ್ತದೆ, ಉಳಿದ ಮರಳನ್ನು ಬುಲ್ಡೋಜರ್ ಹರಡುತ್ತದೆ.

ಇದೇನು ಹೊಸ ವಿದ್ಯೆಯೂ ಅಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಕೋನಿ ಐಲೆಂಡ್ ತೀರಕ್ಕೆ 1922-23ರಲ್ಲೇ ಹೀಗೆ ಮರಳು ತುಂಬಿದ್ದರು. ನಮ್ಮ ದೇಶದ ವಿಶಾಖಪಟ್ಟಣದಲ್ಲಿ ಬಂದರು 1933ರಲ್ಲಿ ಆರಂಭವಾಯಿತು. ಬಂದರಿನ ಬಾಯಿಯನ್ನು ಕಾಯಲು ಎರಡು ಹಳೆಯ ಹಡಗುಗಳನ್ನೇ ಮುಳುಗಿಸಿದರು. ಪೂರ್ವ ಕರಾವಳಿಯಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಬಂದರು ಅಡ್ಡ ಬಂದದ್ದರಿಂದ ಉತ್ತರದ ರಾಮಕೃಷ್ಣ ಬೀಚಿಗೆ ಮರಳು ತಪ್ಪಿತು. ಆದ್ದರಿಂದ ಬಂದರಿನ ಬಳಿ ಎತ್ತಿದ ಮರಳನ್ನು ಆ ಬೀಚಿಗೆ ಹಾಕುವ ಕ್ರಮ ಬಹಳ ಕಾಲದಿಂದ ನಡೆದು ಬಂದಿದೆ. ತಾನು ತಡೆದ ಮರಳನ್ನು ತಾನೇ ದಾಟಿಸಿ ಕೊಡಬೇಕು ಎಂಬ ನ್ಯಾಯ ಇದು.

ಪುದುಚೇರಿಯದೂ ಇದೇ ಕಥೆ. 1980ರ ದಶಕದಲ್ಲಿ ಬಂದರಿನ ಗೋಡೆಗಳು ಎದ್ದವು, ಊರಿನ ಮುಂದಿನ ಮರಳು ಮಾಯವಾಯಿತು, ಕಪ್ಪು ಕಲ್ಲಿನ ರಾಶಿ ಮಾತ್ರ ಉಳಿಯಿತು. ಒಂದು ತಲೆಮಾರಿನ ಮಕ್ಕಳು ಮರಳನ್ನೇ ಕಾಣದೆ ಬೆಳೆದರು. 2018ರ ಹೊತ್ತಿಗೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನೀರಿನಡಿ ಉಕ್ಕಿನ ಒಂದು ದೊಡ್ಡ ತಡೆ ಇಟ್ಟರು, ಜೊತೆಗೆ ಬಂದರಿನಲ್ಲಿ ಎತ್ತಿದ ಮರಳನ್ನು ತೀರಕ್ಕೆ ಹಾಕಿಸಿದರು. ಮರಳು ಬಂದು ನಿಂತಿತು. ಬರೀ ಮರಳೂ ಅಲ್ಲ, ಬರೀ ತಡೆಯೂ ಅಲ್ಲ, ಎರಡೂ ಸೇರಿ ಕೆಲಸ ಮಾಡಿದವು.

ಇನ್ನು ನೆದರ್‌ಲ್ಯಾಂಡ್ಸ್. ಸಮುದ್ರ ಮಟ್ಟಕ್ಕಿಂತ ಕೆಳಗೆ ಬದುಕುವ ದೇಶ ಅದು. ತೀರದ ರೇಖೆ 1990ರಲ್ಲಿ ಎಲ್ಲಿತ್ತೋ ಅಲ್ಲಿಂದ ಹಿಂದೆ ಸರಿಯಬಾರದು ಎಂದು ಅವರು ತೀರ್ಮಾನಿಸಿಕೊಂಡರು. ಅದಕ್ಕಾಗಿ ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಘನ ಮೀಟರ್ ಮರಳು ಹಾಕುವ ಪದ್ಧತಿ ಮಾಡಿದರು. 2011ರಲ್ಲಿ ಹೇಗ್ ನಗರದ ಹತ್ತಿರ ಒಂದೇ ಕಡೆ ಸುಮಾರು 2 ಕೋಟಿ 15 ಲಕ್ಷ ಘನ ಮೀಟರ್ ಮರಳು ರಾಶಿ ಹಾಕಿ, "ನೀನೇ ಹಂಚು" ಎಂದು ಗಾಳಿಗೂ ಅಲೆಗೂ ಒಪ್ಪಿಸಿಬಿಟ್ಟರು. ಒಂದು ಟಿಪ್ಪರಿನಲ್ಲಿ 10 ಘನ ಮೀಟರ್ ಹಿಡಿಯುತ್ತದೆ ಎಂದುಕೊಂಡರೆ ಅದು 21 ಲಕ್ಷ ಟಿಪ್ಪರಿಗೂ ಮೀರಿದ ಮರಳು. ಗಮನಿಸಿ, ಅವರಾರೂ "ಒಮ್ಮೆ ಹಾಕಿದರೆ ಮುಗಿಯಿತು" ಎನ್ನಲಿಲ್ಲ.

ಈಗ ನಮ್ಮ ದಾದರ್‌ಗೆ ಬರೋಣ.

ದಾದರ್ ಚೌಪಾಟಿ ಎಂದರೆ ಬರೀ ಗಾಳಿ ಸೇವನೆಯ ಜಾಗವಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರ ಅಂತ್ಯಸಂಸ್ಕಾರ 1956ರ ಡಿಸೆಂಬರ್ 7ರಂದು ಆದದ್ದು ಇದೇ ಮರಳಿನ ಮೇಲೆ. ಅಲ್ಲಿ ಚೈತ್ಯಭೂಮಿ ಇದೆ. ಪ್ರತಿ ಡಿಸೆಂಬರ್ 6ಕ್ಕೆ ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ರೈಲಿನಲ್ಲಿ ಬರುವ ನಮ್ಮ ಜನ ಮೊದಲು ಕೈ ಮುಗಿಯುವುದು ಅಲ್ಲಿ. 2017ರ ಡಿಸೆಂಬರಿನಲ್ಲಿ ಓಖಿ ಚಂಡಮಾರುತದ ಮಳೆ ಸರಿಯಾಗಿ ಆ ಹೊತ್ತಿಗೇ ಬಂದು, ಶಿವಾಜಿ ಪಾರ್ಕಿನಲ್ಲಿ ತಂಗಲು ಬಂದವರು ಒದ್ದೆಯಾಗಿ ನಿಂತದ್ದು ನಿಮಗೆ ನೆನಪಿರಬಹುದು. ಅದೇ ವೇಳೆ ಕಡಲು ನಾವು ಕೊಟ್ಟ ಕಸವನ್ನೆಲ್ಲ ತೀರಕ್ಕೆ ತಂದು ಎಸೆದಿತ್ತು. ಗಣೇಶನ ವಿಸರ್ಜನೆಯೂ ಇಲ್ಲೇ. ಇನ್ನು ಮೊಗವೀರ ಬಂಧುಗಳು ಈ ನಗರದಲ್ಲಿ 1902ರಷ್ಟು ಹಿಂದೆಯೇ ತಮ್ಮ ಮಂಡಳಿ ಕಟ್ಟಿಕೊಂಡವರು. ಅವರಿಗೆ ಕಡಲು ಹೇಳಿಕೊಡಬೇಕಾಗಿಲ್ಲ.

ಆದರೆ ಮುಂಬಯಿಗೆ ಒಂದು ಹಳೆಯ ಅಭ್ಯಾಸ. ಕಡಲಿಗೆ ಮಣ್ಣು ಸುರಿದು ನೆಲ ಮಾಡಿಕೊಳ್ಳುವುದು. ಏಳು ದ್ವೀಪಗಳು ಒಂದಾದದ್ದೇ ಹಾಗೆ. ವರ್ಲಿಯ ಬಳಿ ಹಾರ್ನ್‌ಬಿ ಕಟ್ಟೆ 18ನೇ ಶತಮಾನದ್ದು, ಮರೀನ್ ಡ್ರೈವ್ 20ನೇ ಶತಮಾನದ್ದು, ಬಾಂದ್ರಾ ರಿಕ್ಲಮೇಶನ್ ನಮ್ಮ ಹಿರಿಯರು ಕಣ್ಣಾರೆ ಕಂಡದ್ದು. 2009ರಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್ ತೆರೆಯಿತು, 2024ರಿಂದ ಕೋಸ್ಟಲ್ ರೋಡಿನಲ್ಲಿ ವಾಹನ ಓಡುತ್ತಿವೆ. ಇವುಗಳಿಂದ ನೀರಿನ ಓಟವೇ ಬದಲಾಯಿತು ಎಂಬುದು ಕೋಲಿ ಮೀನುಗಾರರ ಬಹುದಿನಗಳ ದೂರು. ಮಾಹೀಮ್ ಕೊಲ್ಲಿ ಒಂದು ಬಟ್ಟಲಿನ ಹಾಗಿದೆ. ಉತ್ತರಕ್ಕೆ ಬಾಂದ್ರಾದ ಬಂಡೆ, ದಕ್ಷಿಣಕ್ಕೆ ವರ್ಲಿಯ ಬಂಡೆ. ಬಟ್ಟಲಿನ ಅಂಚಿನಲ್ಲಿ ಎಲ್ಲಿ ಒತ್ತಿದರೂ ಒಳಗಿನ ನೀರು ಅಲುಗದೆ ಇರುವುದಿಲ್ಲ.

ಹಾಗಾದರೆ ಇಲ್ಲಿ ಮರಳು ತುಂಬೋಣವೇ? ಮೂರು ತೊಡಕುಗಳಿವೆ.

ಮೊದಲ ತೊಡಕು, ಯಾವ ಮರಳು? ಮುಂಬಯಿ ಬಂದರಿನಲ್ಲಿ ವರ್ಷವೂ ಹೂಳೆತ್ತುತ್ತಾರೆ. ಅದನ್ನೇ ತಂದು ಹಾಕಬಾರದೇ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಅಲ್ಲಿ ಸಿಗುವುದು ಹೆಚ್ಚಾಗಿ ನುಣುಪಾದ ಕೆಸರು, ಮರಳಲ್ಲ. ತೀರದಲ್ಲಿ ಈಗಿರುವ ಮರಳಿನಷ್ಟೇ ಅಥವಾ ಅದಕ್ಕಿಂತ ತುಸು ದಪ್ಪನೆಯ ಕಾಳು ಹಾಕಿದರೆ ಮಾತ್ರ ನಿಲ್ಲುತ್ತದೆ. ರವೆ ಬೇಕಾದಲ್ಲಿ ಮೈದಾ ಹಾಕಿದರೆ ಉಪ್ಪಿಟ್ಟಾದೀತೇ? ಕೆಸರು ಹಾಕಿದರೆ ಮೊದಲ ಮಳೆಗಾಲಕ್ಕೇ ಹೋಗುತ್ತದೆ, ಹೋಗುವಾಗ ಮೀನಿನ ಮರಿಗಳಿಗೂ ಚಿಪ್ಪಿನ ಜೀವಿಗಳಿಗೂ ಉಸಿರು ಕಟ್ಟಿಸುತ್ತದೆ. ಒಳ್ಳೆಯ ಮರಳಿಗೋ, ಕಟ್ಟಡ ಕಟ್ಟುವವರು ಮೊದಲೇ ಸಾಲು ನಿಂತಿದ್ದಾರೆ. ಒಂದು ತೀರ ತುಂಬಲು ಇನ್ನೊಂದು ಖಾಡಿಯ ಒಡಲು ಬಗೆದರೆ ಅದು ಒಬ್ಬರ ಮನೆಯ ಹೆಂಚು ತೆಗೆದು ಇನ್ನೊಬ್ಬರಿಗೆ ಹೊದಿಸಿದಂತೆ.

ಎರಡನೆಯ ತೊಡಕು, ಎಷ್ಟು ಮರಳು? ಒಂದು ಮನೆಲೆಕ್ಕ ಹಾಕೋಣ. ಒಂದು ಕಿಲೋಮೀಟರ್ ಉದ್ದ, 30 ಮೀಟರ್ ಅಗಲ, 2 ಮೀಟರ್ ದಪ್ಪ. 60,000 ಘನ ಮೀಟರ್ ಆಯಿತು, ಅಂದರೆ 6,000 ಟಿಪ್ಪರ್. ಇದು ಕಣ್ಣಿಗೆ ಕಾಣುವ ಭಾಗ ಮಾತ್ರ. ನೀರಿನಡಿಯ ಇಳಿಜಾರಿಗೂ ತುಂಬಬೇಕಾದ್ದರಿಂದ ನಿಜವಾದ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು. ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಾಕಬೇಕು. ಮೊದಲ ಸಲದ ಹಣಕ್ಕೆ ಉದ್ಘಾಟನೆ ಇರುತ್ತದೆ, ಫೋಟೋ ಇರುತ್ತದೆ. ಮೂರನೆಯ ಸಲದ ಹಣವನ್ನು ಯಾರು ತೆಗೆದಿಡುತ್ತಾರೆ?

ಮೂರನೆಯ ತೊಡಕು, ಪಕ್ಕದವರ ಗತಿ ಏನು? ಇಲ್ಲಿ ಮತ್ತೆ ಉಳ್ಳಾಲದ ಪಾಠ ಕೇಳಿ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ 2010ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡರ ಕರಾವಳಿ ರಕ್ಷಣೆಗೂ ಸೇರಿಸಿ ಸಾಲ ಮಂಜೂರು ಮಾಡಿತು. ಆ ಯೋಜನೆಯಲ್ಲಿ ಉಳ್ಳಾಲದ ಎದುರು ನೀರಿನಡಿ ಮರಳು ತುಂಬಿದ ದೊಡ್ಡ ದೊಡ್ಡ ಬಟ್ಟೆಚೀಲಗಳಿಂದ ದಿಬ್ಬ ಮಾಡಿದರು, ದಡದ ಬಳಿ ತಡೆಗಳನ್ನು ಕಟ್ಟಿದರು. ಕೆಲವು ಕಡೆ ಹೊಡೆತ ಕಡಿಮೆಯಾಯಿತು. ಆದರೆ ಅದೇ ವರ್ಷಗಳಲ್ಲಿ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯ ಕಡೆ ಕೊರೆತದ ಸುದ್ದಿ ಹೆಚ್ಚುತ್ತ ಹೋಯಿತು. ದೊಡ್ಡಮ್ಮನ ಅಂಗಳ ಹೋದದ್ದೂ ಆ ಕಡೆಯೇ. ಒಂದು ಊರಿನ ಔಷಧ ಪಕ್ಕದ ಊರಿಗೆ ರೋಗವಾಗಬಾರದಲ್ಲ.

ಹಾಗೆಂದು ಕೈ ಕಟ್ಟಿ ಕೂರುವ ಹಾಗೂ ಇಲ್ಲ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ಲೆಕ್ಕ ಹಾಕಿದ್ದಾರೆ. ದೇಶದ ಮುಖ್ಯ ಭೂಭಾಗದ ಕರಾವಳಿಯಲ್ಲಿ ಮೂರರಲ್ಲಿ ಒಂದು ಪಾಲು ಕೊರೆತಕ್ಕೆ ಸಿಕ್ಕಿದೆ. ಸಮುದ್ರದ ಮಟ್ಟ ಏರುತ್ತಿದೆ. 2020ರ ಜೂನ್ 3ರಂದು ನಿಸರ್ಗ, ಮರುವರ್ಷವೇ ತೌಕ್ತೆ. ಚಂಡಮಾರುತ ಎಂದರೆ ಬಂಗಾಳ ಕೊಲ್ಲಿಯ ಮಾತು ಎಂದುಕೊಂಡಿದ್ದ ನಾವು ಈಗ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿದೆ.

ಅಮ್ಮಾ, ನಿಮ್ಮ ಪ್ರಶ್ನೆಗೆ ಈಗ ನನ್ನ ಉತ್ತರ. ಲೆಕ್ಕವಿಲ್ಲದೆ, ಒಮ್ಮೆ ಮಾತ್ರ, ಸಿಕ್ಕಿದ ಮಣ್ಣು ಸುರಿದರೆ ಅದು ಖಂಡಿತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಆದರೆ ಸರಿಯಾದ ಮರಳನ್ನು, ಅದು ನಿಲ್ಲುವಂಥ ಏರ್ಪಾಡು ಮಾಡಿ, ಮತ್ತೆ ಮತ್ತೆ ಹಾಕುವ ಹಣ ತೆಗೆದಿಟ್ಟು ಹಾಕಿದರೆ ಅದು ಮನೆಯ ಹೆಂಚು ತಿರುವಿದಂತೆ. ಊರಿನಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಸರಿಮಾಡುತ್ತಿದ್ದರಲ್ಲ. "ಕಳೆದ ವರ್ಷ ಮಾಡಿದ್ದೆವು, ವ್ಯರ್ಥವಾಯಿತು" ಎಂದು ಯಾರೂ ಹೇಳುತ್ತಿರಲಿಲ್ಲ.

ಇನ್ನೊಂದು ಮಾತು. ಇಂಥ ಕೆಲಸದಲ್ಲಿ ನಾವು ಕೇಳುಗರಾಗಿ ಮಾತ್ರ ಉಳಿಯಬಾರದು. ಕೋಸ್ಟಲ್ ರೋಡಿನ ಸೇತುವೆಯ ಕಂಬಗಳ ನಡುವೆ ದೋಣಿ ಹೋಗಲು ಜಾಗ ಸಾಲದು ಎಂದು ವರ್ಲಿಯ ಮೀನುಗಾರರು ಪಟ್ಟು ಹಿಡಿದರು. 60 ಮೀಟರ್ ಎಂದಿದ್ದ ಅಂತರವನ್ನು 120 ಮೀಟರ್ ಮಾಡಲು ಕೊನೆಗೆ ಸರ್ಕಾರ ಒಪ್ಪಿತು. ಕೇಳಿದ್ದರಿಂದ ಸಿಕ್ಕಿತು. ನಾಳೆ ದಾದರ್‌ಗೋ ಮಾಹೀಮ್‌ಗೋ ಮರಳು ತರುವ ಯೋಜನೆ ಬಂದರೆ ನಾವೂ ಮೂರು ಪ್ರಶ್ನೆ ಕೇಳೋಣ. ಮರಳು ಎಲ್ಲಿಯದು? ಐದು ವರ್ಷದ ನಂತರ ಯಾರು ಹಾಕುತ್ತಾರೆ? ಪಕ್ಕದ ಕೋಲಿವಾಡದವರನ್ನು ಕೇಳಿದಿರಾ? ಮೂರಕ್ಕೂ ಉತ್ತರ ಸಿಕ್ಕಿದರೆ ಮನಸ್ಸಿಟ್ಟು ಬೆಂಬಲಿಸೋಣ.

ದೊಡ್ಡಮ್ಮ ಈಗ ರಸ್ತೆಯ ಈಚೆಗೆ, ಮಗಳ ಮನೆಯಲ್ಲಿದ್ದಾರೆ. ಹೋದ ಸಲ ಊರಿಗೆ ಹೋದಾಗ ಹಳೆಯ ಮನೆಯ ಬಳಿ ಕರೆದುಕೊಂಡು ಹೋದರು. ಇಳಿತದ ಹೊತ್ತು. ಕಲ್ಲುಗಳ ನಡುವೆ ಒಂದಿಷ್ಟು ಮರಳು ಬಂದು ಕುಳಿತಿತ್ತು. ದೊಡ್ಡಮ್ಮ ಬಗ್ಗಿ ಒಂದು ಹಿಡಿ ಎತ್ತಿ ಬೆರಳಿನಲ್ಲಿ ಉಜ್ಜಿ ನೋಡಿದರು. "ಇದು ನಮ್ಮ ಕರೆಯದ್ದೇ. ದಪ್ಪ ಇದೆ" ಎಂದರು. ಯಾವ ಎಂಜಿನಿಯರಿಂಗ್ ಪುಸ್ತಕವನ್ನೂ ಓದದ ಅವರಿಗೆ ಅಷ್ಟು ಗೊತ್ತಿತ್ತು.

ನಾಳೆಯ ದೊಡ್ಡ ಉಬ್ಬರದ ಸಮಯವನ್ನು ಎಂದಿನಂತೆ ಕಾರ್ಯಕ್ರಮದ ಕೊನೆಯಲ್ಲಿ ಓದುತ್ತೇನೆ. ದಯವಿಟ್ಟು ಆ ಹೊತ್ತಿನಲ್ಲಿ ಗೋಡೆಯ ಬಳಿ ನಿಲ್ಲಬೇಡಿ. ಇಳಿತದ ಹೊತ್ತಿನಲ್ಲಿ ಮಾತ್ರ ಒಮ್ಮೆ ಹೋಗಿ, ನಮ್ಮ ತೀರದಲ್ಲಿ ಎಷ್ಟು ಮರಳು ಉಳಿದಿದೆ ಎಂದು ನೋಡಿ ಬನ್ನಿ. ನೋಡಿದ್ದನ್ನು ನಮಗೆ ಬರೆದು ತಿಳಿಸಿ.